ಅಪ್ಪನ ಭಾನುವಾರಗಳು

ಬೆಳಗಿನ ಜಾವ ಐದು ಗಂಟೆ. ಮೇ ತಿಂಗಳ ಕೊನೆಯೆಂದರೆ ಮೆಲ್ಬರ್ನ್ ನಗರಕ್ಕೆ ಚಳಿಗಾಲದ ಹೊಸ್ತಿಲು. ಹೊರಗೆ ಕತ್ತಲು, ಒಳಗೆ ಹೀಟರ್ ಇನ್ನೂ ಬಿಸಿಯಾಗಿರಲಿಲ್ಲ. ನಾವು ಗಂಡ ಹೆಂಡತಿ ಮತ್ತು ನಮ್ಮ ಹದಿನಾರರ ಮಗ ಒಂದೇ ಕಂಬಳಿಯೊಳಗೆ ಕಾಲು ತೂರಿಸಿಕೊಂಡು ಟಿವಿಯ ಮುಂದೆ ಕುಳಿತಿದ್ದೆವು. ಸ್ಪೇನಿನ ಬಿಲ್ಬಾವೊ ನಗರದಲ್ಲಿ ಆಗಿನ್ನೂ ಹಿಂದಿನ ರಾತ್ರಿ, 2025ರ ಮೇ 21. ಯುರೋಪಾ ಲೀಗ್ ಫುಟ್‌ಬಾಲ್ ಟೂರ್ನಿಯ ಫೈನಲ್. ಇಂಗ್ಲೆಂಡಿನವೇ ಎರಡು ತಂಡಗಳು. ಒಂದು ಕಡೆ ಟಾಟನ್‌ಹ್ಯಾಮ್ ಹಾಟ್‌ಸ್ಪರ್, ಇನ್ನೊಂದು ಕಡೆ ಮ್ಯಾಂಚೆಸ್ಟರ್ ಯುನೈಟೆಡ್.

ನಿಜ ಹೇಳಬೇಕೆಂದರೆ ಇವೆರಡರಲ್ಲಿ ಯಾವ ತಂಡವೂ ನಮ್ಮದಲ್ಲ. ನಾವು ನಿದ್ದೆಗೆಟ್ಟು ಕುಳಿತದ್ದು ಟಾಟನ್‌ಹ್ಯಾಮಿನ ತರಬೇತುದಾರರಿಗಾಗಿ. ಗೆರೆಯಾಚೆ ನಿಂತಿದ್ದ ಆ ದಪ್ಪ ಮೈಯ, ನೆರೆತ ಗಡ್ಡದ ಮನುಷ್ಯನ ಹೆಸರು ಆ್ಯಂಜ್ ಪೋಸ್ಟೆಕೊಗ್ಲು. ಹುಟ್ಟಿದ್ದು ಗ್ರೀಸಿನಲ್ಲಿ, ಬೆಳೆದದ್ದು ನಾವು ಈಗ ಬದುಕುತ್ತಿರುವ ಇದೇ ಮೆಲ್ಬರ್ನಿನಲ್ಲಿ. ಅವರು ಚೆಂಡು ಒದ್ದು ಬೆಳೆದ ಪ್ರಾರಾನ್ ಬಡಾವಣೆಯ ಮಾರುಕಟ್ಟೆಯಲ್ಲಿ ನಾವು ಎಷ್ಟೋ ಸಲ ತರಕಾರಿ ಕೊಂಡಿದ್ದೇವೆ. ಅಷ್ಟೇ ನಂಟು. ಆದರೆ ವಲಸೆ ಬಂದವರಿಗೆ ಅಷ್ಟು ನಂಟು ಸಾಕು!

42ನೇ ನಿಮಿಷದಲ್ಲಿ ಬ್ರೆನನ್ ಜಾನ್ಸನ್ ಗೋಲಿನ ಬಾಯಲ್ಲಿ ತಡಕಾಡಿ ಹೇಗೋ ಚೆಂಡನ್ನು ಒಳಗೆ ದೂಡಿದರು. ಚೆಂದದ ಗೋಲೇನಲ್ಲ. ಆದರೂ ಮಗ ಕಂಬಳಿ ಕಿತ್ತೆಸೆದು ಕುಣಿದ. ನಮ್ಮಿಬ್ಬರ ಮೇಲೂ ಬಂದು ಬಿದ್ದ. ಅವನು ನಮ್ಮನ್ನು ಹಾಗೆ ಅಪ್ಪಿಕೊಂಡು ಹತ್ತಿರ ಹತ್ತಿರ ಒಂದು ವರ್ಷವಾಗಿತ್ತು.

ಯಾಕೆ ಒಂದು ವರ್ಷ ಎಂಬುದನ್ನು ಮೊದಲು ಹೇಳಿಬಿಡಬೇಕು.

ನಾವು ಈ ಊರಿಗೆ ಬಂದು ಹದಿನಾಲ್ಕು ವರ್ಷಗಳಾದವು. ಕರಾವಳಿಯ ಅನೇಕ ಮನೆಗಳಂತೆ ನಮ್ಮಿಬ್ಬರ ಮನೆಗಳಲ್ಲೂ ಅಪ್ಪಂದಿರು ಕೊಲ್ಲಿ ದೇಶಗಳಲ್ಲಿ ದುಡಿದವರು. ಎರಡು ವರ್ಷಕ್ಕೊಮ್ಮೆ ಪೆಟ್ಟಿಗೆ ಹೊತ್ತು ಬರುತ್ತಿದ್ದರು. ಅವರ ಮುಖ ನಮಗೆ ಅಭ್ಯಾಸವಾಗುವುದರೊಳಗೆ ರಜೆ ಮುಗಿದಿರುತ್ತಿತ್ತು. ನಮ್ಮ ಮಕ್ಕಳಿಗೆ ಹಾಗಾಗಬಾರದು, ಹೋಗುವುದಾದರೆ ಎಲ್ಲರೂ ಒಟ್ಟಿಗೆ ಹೋಗೋಣ ಎಂದೇ ನಾವು ಇಲ್ಲಿಗೆ ಬಂದದ್ದು. ಬಂದ ಮೇಲೆ ಆದದ್ದೇನು? ಒಬ್ಬರಿಗೆ ರಾತ್ರಿ ಪಾಳಿ, ಇನ್ನೊಬ್ಬರಿಗೆ ಹಗಲು ಪಾಳಿ. ಒಂದೇ ಸೂರಿನಡಿ ಇದ್ದರೂ ಮಗ ನಮ್ಮನ್ನು ಹೆಚ್ಚಾಗಿ ಕಂಡದ್ದು ನಿದ್ದೆಯಲ್ಲೇ. ಅವನು ಆಡುವ ಫುಟ್‌ಬಾಲ್ ಪಂದ್ಯಗಳು ಭಾನುವಾರ ಇರುತ್ತಿದ್ದವು. ಭಾನುವಾರದ ದುಡಿಮೆಗೆ ಇಲ್ಲಿ ಕೂಲಿ ಹೆಚ್ಚು. ಹಾಗಾಗಿ ಮೈದಾನಕ್ಕೆ ಅವನನ್ನು ಕರೆದೊಯ್ಯುತ್ತಿದ್ದವರು ಬೇರೆ ಹುಡುಗರ ಅಪ್ಪಂದಿರು.

2024ರ ಜೂನ್ ತಿಂಗಳಲ್ಲಿ ಅವನು ಇದ್ದಕ್ಕಿದ್ದಂತೆ ಆಟವೂ ಬೇಡ, ಓದೂ ಬೇಡ ಎಂಬಂತೆ ಕೋಣೆ ಸೇರಿ ಕುಳಿತ. ನಾವು ರೇಗಿದೆವು. "ಊರು, ಮನೆ, ನಮ್ಮವರು ಎಲ್ಲವನ್ನೂ ಬಿಟ್ಟು ಬಂದದ್ದು ಯಾರಿಗಾಗಿ? ನಿನಗಾಗಿ!" ಎಂದೆವು. ಅವನು ತಲೆಯೆತ್ತಿ ಒಂದೇ ಮಾತು ಹೇಳಿದ. "ನಾನು ಕೇಳಿದ್ದೆನಾ?"

ಆ ಮಾತಿಗೆ ನಮ್ಮ ಬಳಿ ಉತ್ತರವಿರಲಿಲ್ಲ. ಆಮೇಲೆ ಮನೆಯಲ್ಲಿ ಮಾತು ಕಡಿಮೆಯಾಯಿತು. ಉಳಿದದ್ದು ಟಾಟನ್‌ಹ್ಯಾಮಿನ ಪಂದ್ಯಗಳು ಮಾತ್ರ. ಈ ಊರಿನ ಗಡಿಯಾರದಲ್ಲಿ ಅವು ನಡುರಾತ್ರಿಯಲ್ಲೋ ನಸುಕಿನಲ್ಲೋ ಬರುತ್ತವೆ. ಪಾಳಿ ಮುಗಿಸಿ ಬಂದವರೊಬ್ಬರು, ಪಾಳಿಗೆ ಹೊರಟವರೊಬ್ಬರು, ನಡುವೆ ಅವನು. ಮಾತಿಲ್ಲದೆ ಜೊತೆಗೆ ಕೂರುವುದಕ್ಕೆ ಅದೊಂದು ನೆಪ. ಹೀಗೆ ಆ್ಯಂಜ್ ನಮ್ಮ ಮನೆಯೊಳಗೆ ಬಂದರು. ಅವರ ಬದುಕಿನ ಕತೆಯನ್ನು ನಾವು ಓದತೊಡಗಿದ್ದೂ ಆಗಲೇ.

ಅವರ ಪೂರ್ತಿ ಹೆಸರು ಆಂಗೆಲೊಸ್. 1965ರಲ್ಲಿ ಅಥೆನ್ಸ್‌ನ ನೆಯಾ ಫಿಲಡೆಲ್ಫಿಯಾದಲ್ಲಿ ಹುಟ್ಟಿದರು. ಆ ಜಾಗದ ಹೆಸರಿಗೇ ಒಂದು ಚರಿತ್ರೆಯಿದೆ. ಇಂದಿನ ತುರ್ಕಿಯ ಅಲಾಶೆಹಿರ್ ಪಟ್ಟಣಕ್ಕೆ ಹಿಂದೆ ಫಿಲಡೆಲ್ಫಿಯಾ ಎಂಬ ಹೆಸರಿತ್ತು. 1923ರಲ್ಲಿ ಗ್ರೀಸ್ ಮತ್ತು ತುರ್ಕಿ ದೇಶಗಳು ಲೌಸಾನ್‌ನಲ್ಲಿ ಒಂದು ಒಪ್ಪಂದ ಮಾಡಿಕೊಂಡು ತಂತಮ್ಮ ಜನರನ್ನು ಅದಲುಬದಲು ಮಾಡಿಕೊಂಡವು. ಸುಮಾರು 12 ಲಕ್ಷ ಕ್ರೈಸ್ತರು ಗ್ರೀಸಿನ ಪಾಲಿಗೆ ಬಂದರು, ಸುಮಾರು ಮೂರೂವರೆ ನಾಲ್ಕು ಲಕ್ಷ ಮುಸ್ಲಿಮರು ತುರ್ಕಿಯ ಪಾಲಾದರು. ಯಾರು ಎಲ್ಲಿಗೆ ಸೇರಬೇಕೆಂದು ತೀರ್ಮಾನಿಸಿದ್ದು ಅವರಾಡುವ ಭಾಷೆಯಲ್ಲ, ಅವರ ಧರ್ಮ. ಗ್ರೀಕ್ ಬಿಟ್ಟರೆ ಬೇರೆ ಮಾತು ಬಾರದ ಕ್ರೀಟ್ ದ್ವೀಪದ ಮುಸ್ಲಿಮರು ತುರ್ಕಿಗೆ ಹೋದರು. ತುರ್ಕಿ ಭಾಷೆಯನ್ನೇ ಮನೆಮಾತಾಗಿಸಿಕೊಂಡಿದ್ದ ಅನತೋಲಿಯಾದ ಕ್ರೈಸ್ತರು ಗ್ರೀಸಿಗೆ ಬಂದರು. ಹುಟ್ಟಿದ ಮಣ್ಣಿನಿಂದ ಇಬ್ಬರೂ ಹೊರಗಾದರು. ಹಾಗೆ ಬಂದ ನಿರಾಶ್ರಿತರು ಅಥೆನ್ಸ್‌ನ ಅಂಚಿನಲ್ಲಿ ಕಟ್ಟಿಕೊಂಡ ಹೊಸ ಊರೇ ನೆಯಾ ಫಿಲಡೆಲ್ಫಿಯಾ, ಅಂದರೆ ಹೊಸ ಫಿಲಡೆಲ್ಫಿಯಾ. ಆ ಊರಿನ ಫುಟ್‌ಬಾಲ್ ತಂಡ ಎಇಕೆ. ಇಸ್ತಾಂಬುಲ್‌ನಿಂದ ಬಂದ ನಿರಾಶ್ರಿತರು 1924ರಲ್ಲಿ ಕಟ್ಟಿದ ಕ್ಲಬ್ ಅದು. ತೊರೆದು ಬಂದ ನಗರದ ಹೆಸರು ಇಂದಿಗೂ ಅದರ ಹೆಸರಿನೊಳಗಿದೆ.

ಪೋಸ್ಟೆಕೊಗ್ಲು ಎಂಬ ಹೆಸರಿನ ಕೊನೆಯಲ್ಲಿರುವ 'ಓಗ್ಲು' ಕೂಡ ಗ್ರೀಕ್ ಪದವಲ್ಲ. ಅದು ತುರ್ಕಿಯದು. ಅರ್ಥ, 'ಮಗ'. ಗ್ರೀಕ್ ಮನುಷ್ಯನೊಬ್ಬ ತನ್ನನ್ನು ಇಂಥವರ ಮಗ ಎಂದು ಕರೆದುಕೊಳ್ಳಲು ತುರ್ಕಿ ಪದವನ್ನು ಹೊತ್ತು ತಿರುಗುವುದೆಂದರೆ! ಒಪ್ಪಂದಗಳು ಜನರನ್ನು ಬೇರೆ ಮಾಡಬಲ್ಲವು. ಹೆಸರುಗಳು ಅಷ್ಟು ಸುಲಭವಾಗಿ ಬೇರೆಯಾಗುವುದಿಲ್ಲ.

1967ರ ಏಪ್ರಿಲ್‌ನಲ್ಲಿ ಗ್ರೀಸಿನಲ್ಲಿ ಸೇನಾಧಿಕಾರಿಗಳು ಸರಕಾರವನ್ನು ಕಿತ್ತುಕೊಂಡರು. ಆ ದಂಗೆಯ ನಂತರದ ದಿನಗಳಲ್ಲಿ ಆಂಗೆಲೊಸ್‌ನ ತಂದೆ ಡಿಮಿಟ್ರಿಸ್ ತಮ್ಮ ವ್ಯಾಪಾರವನ್ನು ಕಳೆದುಕೊಂಡರು. 1970ರಲ್ಲಿ ಹೆಂಡತಿ ಮಕ್ಕಳೊಂದಿಗೆ ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಬಂದರು. ಆಗ ಹುಡುಗನಿಗೆ ಐದು ವರ್ಷ. ಭಾಷೆ ಗೊತ್ತಿಲ್ಲ, ನೆಂಟರಿಲ್ಲ, ಕೈಯಲ್ಲಿ ಕೆಲಸವಿಲ್ಲ. ಡಿಮಿಟ್ರಿಸ್ ಇಲ್ಲಿ 'ಜಿಮ್' ಆದರು, ಆಂಗೆಲೊಸ್ 'ಆ್ಯಂಜ್' ಆದ. ನಮ್ಮ ಮಗನ ಹೆಸರನ್ನೂ ಅವನ ಮೊದಲ ತರಬೇತುದಾರ ಮೊದಲ ದಿನವೇ ಅರ್ಧಕ್ಕೆ ಕತ್ತರಿಸಿಬಿಟ್ಟಿದ್ದ. ಕೆಟ್ಟ ಮನಸ್ಸಿನಿಂದಲ್ಲ, ನಾಲಗೆಗೆ ಸುಲಭವಾಗಲೆಂದು. ಈಗ ಮನೆಯಲ್ಲಿ ಮಾತ್ರ ಅವನಿಗೆ ಪೂರ್ತಿ ಹೆಸರು.

ಆ್ಯಂಜ್ ಅನೇಕ ಸಲ ಹೇಳಿಕೊಂಡಿರುವ ಒಂದು ಮಾತಿದೆ. ಜನ ಒಳ್ಳೆಯ ಬದುಕನ್ನು ಅರಸಿ ವಲಸೆ ಹೋಗುತ್ತಾರೆ ಎನ್ನುತ್ತಾರಲ್ಲ, ತನ್ನ ತಂದೆತಾಯಿಗೆ ಒಳ್ಳೆಯ ಬದುಕೇನೂ ಸಿಗಲಿಲ್ಲ, ಅವರು ಬಂದದ್ದು ತನಗೆ ಅವಕಾಶ ಸಿಗಲೆಂದು, ಎಂಬುದು ಅದರ ತಾತ್ಪರ್ಯ. ಅಪ್ಪ ಕತ್ತಲಿರುವಾಗಲೇ ಕೆಲಸಕ್ಕೆ ಹೋಗಿ ಸುಸ್ತಾಗಿ ಬಂದು ಮಲಗುತ್ತಿದ್ದರು. ಮಗನಿಗೆ ಅಪ್ಪ ಸಿಗುತ್ತಿದ್ದದ್ದು ಭಾನುವಾರ, ಅದೂ ಫುಟ್‌ಬಾಲ್ ಮೈದಾನದಲ್ಲಿ.

ಆ ಮೈದಾನವಿದ್ದದ್ದು ಮಿಡ್ಲ್ ಪಾರ್ಕಿನಲ್ಲಿ. ಅಲ್ಲಿ ಆಡುತ್ತಿದ್ದ ತಂಡ ಸೌತ್ ಮೆಲ್ಬರ್ನ್ ಹೆಲ್ಲಾಸ್, 1959ರಲ್ಲಿ ಹುಟ್ಟಿದ ಗ್ರೀಕರ ಕ್ಲಬ್. ಗ್ರೀಸಿನಾಚೆ ಗ್ರೀಕರು ಅತಿ ಹೆಚ್ಚಾಗಿರುವ ನಗರಗಳಲ್ಲಿ ಮೆಲ್ಬರ್ನ್ ಒಂದು. ಈ ಊರಿನವರ ಮೊದಲ ಪ್ರೀತಿ ಅಂಡಾಕಾರದ ಚೆಂಡಿನ ಆಸ್ಟ್ರೇಲಿಯನ್ ಫುಟ್‌ಬಾಲ್. ದುಂಡು ಚೆಂಡಿನ ಆಟವೆಂದರೆ ಆ ಕಾಲದಲ್ಲಿ ಪರದೇಶಿಗಳ ಆಟವೆಂಬ ತಾತ್ಸಾರ. ಇಟಾಲಿಯನ್ನರಿಗೆ ಒಂದು ತಂಡ, ಕ್ರೊಯೇಷಿಯನ್ನರಿಗೆ ಒಂದು, ಗ್ರೀಕರಿಗೆ ಒಂದು. ವಾರವಿಡೀ ಕಾರ್ಖಾನೆಯಲ್ಲಿ ಬಾಯಿ ಕಟ್ಟಿಕೊಂಡಿದ್ದವರು ಭಾನುವಾರ ಅಲ್ಲಿ ತಮ್ಮ ಭಾಷೆಯಲ್ಲಿ ಕೂಗುತ್ತಿದ್ದರು, ಬೈಯುತ್ತಿದ್ದರು, ನಗುತ್ತಿದ್ದರು. ಮನೆಯಲ್ಲಿ ಮೌನಿಯಾಗಿದ್ದ ಅಪ್ಪ ಮೈದಾನದಲ್ಲಿ ಬೇರೆಯೇ ಮನುಷ್ಯನಾಗುವುದನ್ನು ಹುಡುಗ ನೋಡಿದ. ಫುಟ್‌ಬಾಲನ್ನು ಪ್ರೀತಿಸಿದರೆ ಅಪ್ಪನ ಹತ್ತಿರ ಇರಬಹುದು ಎಂದು ಅವನಿಗೆ ತಿಳಿಯಿತು. ಜಿಮ್‌ಗೆ ಇಷ್ಟವಾಗಿದ್ದದ್ದು ಮುನ್ನುಗ್ಗುವ ಆಟ. ಚೆಂಡು ನೆಲದ ಮೇಲಿರಬೇಕು, ಮುಂದಕ್ಕೆ ಹೋಗುತ್ತಿರಬೇಕು. ಮಗ ಮುಂದೆ ಯಾವ ದೇಶದಲ್ಲಿ ಯಾವ ತಂಡಕ್ಕೆ ಕಲಿಸಿದರೂ ಕಲಿಸಿದ್ದು ಅದನ್ನೇ.

ಶಾಲೆಯಲ್ಲಿ ಫುಟ್‌ಬಾಲ್ ಬಲ್ಲ ಮೇಷ್ಟರಿರಲಿಲ್ಲ. ಹನ್ನೆರಡರ ಹುಡುಗ ತಾನೇ ತಂಡಕ್ಕೆ ತರಬೇತು ಕೊಟ್ಟ! ಮುಂದೆ ಅಪ್ಪನ ಪ್ರೀತಿಯ ಹೆಲ್ಲಾಸ್ ತಂಡದಲ್ಲೇ ರಕ್ಷಣಾ ಆಟಗಾರನಾದ. 1984ರಿಂದ 1993ರವರೆಗೆ ಅದೇ ಅಂಗಿ. ಆಸ್ಟ್ರೇಲಿಯಾದ ಪರವಾಗಿಯೂ ನಾಲ್ಕು ಪಂದ್ಯ ಆಡಿದ. ದೊಡ್ಡ ಆಟಗಾರನೇನಲ್ಲ. ಆದರೆ ಆ ವರ್ಷಗಳಲ್ಲಿ ಅವನಿಗೊಬ್ಬ ದೊಡ್ಡ ಗುರು ಸಿಕ್ಕರು.

ಅವರು ಹಂಗೇರಿಯ ಫೆರೆನ್ಸ್ ಪುಷ್ಕಾಶ್. 1953ರಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 6-3ರಿಂದ ಸೋಲಿಸಿದ ತಂಡದ ನಾಯಕ. ರಿಯಲ್ ಮ್ಯಾಡ್ರಿಡ್ ಪರವಾಗಿ 1960ರ ಯುರೋಪಿಯನ್ ಕಪ್ ಫೈನಲ್‌ನಲ್ಲಿ ನಾಲ್ಕು ಗೋಲು ಹೊಡೆದವರು. 1956ರಲ್ಲಿ ಹಂಗೇರಿಯ ದಂಗೆಯನ್ನು ಸೋವಿಯತ್ ಟ್ಯಾಂಕುಗಳು ತುಳಿದು ಹಾಕಿದಾಗ ವಿದೇಶದಲ್ಲಿದ್ದ ಪುಷ್ಕಾಶ್ ತಾಯ್ನಾಡಿಗೆ ಮರಳಲಿಲ್ಲ. ಅವರೂ ಒಬ್ಬ ವಲಸಿಗರೇ. ಅಂಥವರು 1989ರಲ್ಲಿ ಸೌತ್ ಮೆಲ್ಬರ್ನಿನ ತರಬೇತುದಾರರಾಗಿ ಬಂದರು. ಇಂಗ್ಲಿಷ್ ಅಷ್ಟಾಗಿ ಬಾರದು. ಆದರೆ ಅಥೆನ್ಸ್‌ನ ಪನಾಥಿನೈಕೋಸ್ ತಂಡವನ್ನು 1971ರ ಯುರೋಪಿಯನ್ ಕಪ್ ಫೈನಲ್ ತನಕ ಕೊಂಡೊಯ್ದವರಾದ್ದರಿಂದ ಗ್ರೀಕ್ ಬರುತ್ತಿತ್ತು. ನಾಯಕ ಆ್ಯಂಜ್ ತನ್ನ ಹಳೆಯ ಡ್ಯಾಟ್ಸನ್ ಕಾರಿನಲ್ಲಿ ಅವರನ್ನು ಕೂರಿಸಿಕೊಂಡು ಓಡಾಡಿದ, ಅವರ ಗ್ರೀಕ್ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಆಟಗಾರರಿಗೆ ಹೇಳಿದ. 1991ರಲ್ಲಿ ತಂಡ ರಾಷ್ಟ್ರೀಯ ಲೀಗ್ ಗೆದ್ದಿತು. ಹಂಗೇರಿಯವನೊಬ್ಬ, ಗ್ರೀಕ್ ಭಾಷೆಯಲ್ಲಿ, ಆಸ್ಟ್ರೇಲಿಯಾದ ಹುಡುಗರಿಗೆ ಆಟ ಕಲಿಸಿ ಗೆಲ್ಲಿಸಿದ. ಯೋಚಿಸಿ ನೋಡಿ, ವಲಸೆಯೆಂದರೆ ಬರೀ ಕಳೆದುಕೊಳ್ಳುವುದಷ್ಟೇ ಅಲ್ಲ.

27ನೇ ವಯಸ್ಸಿನಲ್ಲಿ ಮೊಣಕಾಲಿನ ಗಾಯ ಆ್ಯಂಜ್ ಅವರ ಆಟವನ್ನು ನಿಲ್ಲಿಸಿತು. 1996ರಲ್ಲಿ ಅದೇ ಕ್ಲಬ್ಬಿನ ತರಬೇತುದಾರರಾದರು. 1998 ಮತ್ತು 1999ರಲ್ಲಿ ಸಾಲಾಗಿ ಎರಡು ಲೀಗ್ ಪ್ರಶಸ್ತಿ. 2000ದ ಜನವರಿಯಲ್ಲಿ ಬ್ರೆಜಿಲ್‌ನಲ್ಲಿ ನಡೆದ ಕ್ಲಬ್‌ಗಳ ವಿಶ್ವ ಟೂರ್ನಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎದುರು ಆಡಿ 2-0ರಿಂದ ಸೋತರು. ಅಷ್ಟರಲ್ಲಿ ಆಸ್ಟ್ರೇಲಿಯಾದ ಫುಟ್‌ಬಾಲ್ ಆಡಳಿತ, ಕ್ಲಬ್ಬುಗಳು ತಮ್ಮ ಜನಾಂಗದ ಹೆಸರು ಮತ್ತು ಗುರುತುಗಳನ್ನು ಬಿಡಬೇಕೆಂದು ಕಟ್ಟಪ್ಪಣೆ ಮಾಡಿತ್ತು. 'ಹೆಲ್ಲಾಸ್' ಎಂಬ ಪದ ಹೆಸರಿನಿಂದ ಉದುರಿತು. ಕಾರ್ ರೇಸಿನ ಹಾದಿಗಾಗಿ ಮಿಡ್ಲ್ ಪಾರ್ಕಿನ ಮೈದಾನವೂ ನೆಲಸಮವಾಗಿತ್ತು. 2005ರಲ್ಲಿ ಹೊಸ ಲೀಗ್ ಶುರುವಾದಾಗ ಈ ಹಳೆಯ ಕ್ಲಬ್ಬಿಗೆ ಅದರಲ್ಲಿ ಜಾಗವೇ ಇರಲಿಲ್ಲ. ನೀವು ನಮ್ಮವರಾಗಿ ಎನ್ನುವವರು ಕೆಲವೊಮ್ಮೆ ಕೇಳುವುದು ನಿಮ್ಮ ಹೆಸರಿನ ಅರ್ಧ ಭಾಗವನ್ನು.

ಆಮೇಲೆ ಆ್ಯಂಜ್ ಆಸ್ಟ್ರೇಲಿಯಾದ ಕಿರಿಯರ ತಂಡಕ್ಕೆ ಕಲಿಸಿದರು. 2007ರ ಕಿರಿಯರ ವಿಶ್ವಕಪ್‌ಗೆ ತಂಡ ಅರ್ಹತೆ ಪಡೆಯಲಿಲ್ಲ. ಮಾಜಿ ಆಟಗಾರ ಕ್ರೇಗ್ ಫಾಸ್ಟರ್ ಟಿವಿಯ ನೇರ ಪ್ರಸಾರದಲ್ಲಿ ಅವರನ್ನು ಪ್ರಶ್ನಿಸಿದ ರೀತಿ, ಇವರು ಕೆರಳಿ ಉತ್ತರಿಸಿದ ರೀತಿ ಇಂದಿಗೂ ಜನರ ನೆನಪಿನಲ್ಲಿದೆ. ಕೆಲಸ ಹೋಯಿತು. ಕರೆಯುವವರಿಲ್ಲ. 2008ರಲ್ಲಿ ಗ್ರೀಸಿಗೆ ಹೋಗಿ ಪತ್ರಾಸ್ ನಗರದ ಪನಾಹೈಕಿ ಎಂಬ ಕೆಳಹಂತದ ತಂಡಕ್ಕೆ ತರಬೇತು ಕೊಟ್ಟರು. ವರ್ಷ ಮುಗಿಯುವುದರೊಳಗೆ ಅದೂ ಮುಗಿಯಿತು. ಹುಟ್ಟಿದ ನಾಡು ಕೂಡ ಬಾಗಿಲು ತೆರೆದು ಕಾಯುತ್ತಿರಲಿಲ್ಲ. ಊರಿಗೆ ಮರಳುವ ಕನಸು ಕಾಣುವ ನಮ್ಮಂಥವರು ಈ ಪುಟವನ್ನು ಎರಡು ಸಲ ಓದಬೇಕು.

2009ರಲ್ಲಿ ಬ್ರಿಸ್ಬೇನ್ ರೋರ್ ಅವರನ್ನು ಕರೆಯಿತು. ಹಳೆಯ ಹೆಸರಾಂತ ಆಟಗಾರರನ್ನು ಕೈಬಿಟ್ಟು ಅಪ್ಪನ ಆಟವನ್ನೇ ಹೊಸಬರಿಗೆ ಕಲಿಸಿದರು. ಆ ತಂಡ ಲೀಗ್‌ನಲ್ಲಿ ಸತತ 36 ಪಂದ್ಯಗಳಲ್ಲಿ ಸೋಲಲಿಲ್ಲ. 2011ರ ಫೈನಲ್‌ನಲ್ಲಿ ಹೆಚ್ಚುವರಿ ಸಮಯ ಮುಗಿಯಲು ಕೆಲವೇ ನಿಮಿಷಗಳಿದ್ದಾಗ 0-2ರಿಂದ ಹಿಂದಿತ್ತು. ಎರಡೂ ಗೋಲು ತೀರಿಸಿ ಪೆನಾಲ್ಟಿಯಲ್ಲಿ ಗೆದ್ದಿತು. 2012ರಲ್ಲಿ ಮತ್ತೆ ಗೆದ್ದಿತು. 2013ರಲ್ಲಿ ಅವರು ದೇಶದ ತಂಡಕ್ಕೇ ತರಬೇತುದಾರರಾದರು. 2014ರ ವಿಶ್ವಕಪ್‌ನಲ್ಲಿ ಚಿಲಿ, ನೆದರ್ಲೆಂಡ್ಸ್, ಸ್ಪೇನ್ ಎದುರು ಮೂರಕ್ಕೆ ಮೂರೂ ಸೋಲು. ಆದರೆ 2015ರ ಜನವರಿ 31ರಂದು ಸಿಡ್ನಿಯಲ್ಲಿ ನಡೆದ ಏಷ್ಯಾ ಕಪ್ ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಆಸ್ಟ್ರೇಲಿಯಾ ಮೊದಲ ಬಾರಿಗೆ ಏಷ್ಯಾದ ಚಾಂಪಿಯನ್ ಆಯಿತು. ಅಂದು ಕೊನೆಯ ಗಳಿಗೆಯಲ್ಲಿ ಗೋಲು ಹೊಡೆದು ಆ ಗೆಲುವನ್ನು ಹೆಚ್ಚುವರಿ ಸಮಯಕ್ಕೆ ತಳ್ಳಿದ ಕೊರಿಯಾದ ಹುಡುಗನ ಹೆಸರು ಸನ್ ಹ್ಯೂಂಗ್ ಮಿನ್. ಈ ಹೆಸರನ್ನು ನೆನಪಿಟ್ಟುಕೊಳ್ಳಿ.

2017ರ ನವೆಂಬರ್‌ನಲ್ಲಿ ತಂಡವನ್ನು ಮುಂದಿನ ವಿಶ್ವಕಪ್‌ಗೆ ಮುಟ್ಟಿಸಿ, ಒಂದೇ ವಾರದಲ್ಲಿ ಹುದ್ದೆ ಬಿಟ್ಟರು. ಜಪಾನಿಗೆ ಹೋಗಿ ಯೊಕೊಹಾಮಾ ಎಫ್. ಮರಿನೋಸ್ ತಂಡ ಸೇರಿದರು. ಮೊದಲ ವರ್ಷ 12ನೇ ಸ್ಥಾನ. ಎರಡನೇ ವರ್ಷ, 2019ರಲ್ಲಿ, ಆ ಕ್ಲಬ್ಬಿಗೆ ಹದಿನೈದು ವರ್ಷಗಳ ಬಳಿಕ ಲೀಗ್ ಪ್ರಶಸ್ತಿ. ನಡುವೆ, 2018ರಲ್ಲಿ, ಜಿಮ್ ತೀರಿಕೊಂಡರು. ಅಪ್ಪ ಸುಲಭಕ್ಕೆ ಹೊಗಳುವವರಾಗಿರಲಿಲ್ಲ, ಗೆದ್ದು ಬಂದರೂ ತಪ್ಪನ್ನೇ ಎತ್ತಿ ಹೇಳುತ್ತಿದ್ದರು ಎಂದು ಮಗ ಹೇಳಿಕೊಂಡಿದ್ದಾರೆ. ಮಗ ಯುರೋಪಿನ ದೊಡ್ಡ ಮೈದಾನಗಳಲ್ಲಿ ನಿಂತದ್ದನ್ನು ಆ ಅಪ್ಪ ನೋಡಲಿಲ್ಲ.

2021ರಲ್ಲಿ ಸ್ಕಾಟ್ಲೆಂಡಿನ ಸೆಲ್ಟಿಕ್ ಕರೆದಾಗ ಅಲ್ಲಿನವರು ಯಾರೀತ ಎಂದು ಕೇಳಿದರು. ಹಿಂದಿನ ಋತುವಿನಲ್ಲಿ ಆ ತಂಡ ಎದುರಾಳಿ ರೇಂಜರ್ಸ್‌ಗಿಂತ 25 ಅಂಕ ಹಿಂದಿತ್ತು. ಇವರು ಜಪಾನಿನಿಂದ ಕ್ಯೋಗೊ ಫುರುಹಾಶಿಯಂಥ ಆಟಗಾರರನ್ನು ಕರೆತಂದರು. ಎರಡು ವರ್ಷಗಳಲ್ಲಿ ಅಲ್ಲಿನ ಆರು ಪ್ರಶಸ್ತಿಗಳಲ್ಲಿ ಐದನ್ನು ಗೆದ್ದರು. 2023ರ ಜೂನ್ 6ರಂದು ಟಾಟನ್‌ಹ್ಯಾಮ್‌ಗೆ ನೇಮಕವಾಯಿತು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಆಸ್ಟ್ರೇಲಿಯಾದ ಮೊದಲ ತರಬೇತುದಾರ. ಮೊದಲ ಹತ್ತು ಲೀಗ್ ಪಂದ್ಯಗಳಲ್ಲಿ ಸೋಲೇ ಇಲ್ಲ. ಹನ್ನೊಂದನೆಯದರಲ್ಲಿ, ಚೆಲ್ಸಿ ಎದುರು, ಇಬ್ಬರು ಆಟಗಾರರು ಕೆಂಪು ಕಾರ್ಡ್ ಪಡೆದು ಹೊರಹೋದರು. ಉಳಿದ ಒಂಬತ್ತು ಜನರನ್ನು ಯಾರಾದರೂ ಗೋಲಿನ ಮುಂದೆ ಗೋಡೆಯಂತೆ ನಿಲ್ಲಿಸುತ್ತಿದ್ದರು. ಇವರು ಮೈದಾನದ ನಡುಗೆರೆಯ ಬಳಿಯೇ ನಿಲ್ಲಿಸಿದರು! 1-4ರಿಂದ ಸೋತರು. ಐದೇ ಜನ ಉಳಿದರೂ ನಾವು ಹೀಗೆಯೇ ಆಡುತ್ತೇವೆ ಎಂಬರ್ಥದ ಮಾತನ್ನು ಆಮೇಲೆ ಆಡಿದರು. ನಾವು ಬಿದ್ದು ಬಿದ್ದು ನಕ್ಕೆವು. ಮೊಂಡುತನವೋ ನಿಷ್ಠೆಯೋ? ಎರಡರ ನಡುವಿನ ಗೆರೆ ಎಲ್ಲಿದೆಯೆಂದು ನಮಗಿನ್ನೂ ತಿಳಿದಿಲ್ಲ.

ಎರಡನೇ ವರ್ಷ ಆ ಮೊಂಡುತನಕ್ಕೆ ಬೆಲೆ ತೆರಬೇಕಾಯಿತು. ಆಟಗಾರರು ಸಾಲುಸಾಲಾಗಿ ಗಾಯಗೊಂಡರು. ಲೀಗ್‌ನ 38 ಪಂದ್ಯಗಳಲ್ಲಿ 22 ಸೋಲು. 20 ತಂಡಗಳಲ್ಲಿ 17ನೇ ಸ್ಥಾನ. ಅದಕ್ಕಿಂತ ಕೆಳಗಿದ್ದ ಮೂರೂ ತಂಡಗಳು ಲೀಗ್‌ನಿಂದಲೇ ಹೊರಬಿದ್ದವು. ಆದರೆ 2024ರ ಸೆಪ್ಟೆಂಬರ್‌ನಲ್ಲೇ ಅವರು, ಎರಡನೇ ವರ್ಷ ನಾನು ಯಾವಾಗಲೂ ಏನಾದರೊಂದು ಗೆಲ್ಲುತ್ತೇನೆ ಎಂದು ಹೇಳಿಬಿಟ್ಟಿದ್ದರು. ಪತ್ರಿಕೆಗಳು ಆ ಮಾತನ್ನು ಹಿಡಿದು ವರ್ಷವಿಡೀ ಗೇಲಿ ಮಾಡಿದವು.

ಈಗ ಮತ್ತೆ ಆ ನಸುಕಿಗೆ ಬರೋಣ. ಬಿಲ್ಬಾವೊದ ಫೈನಲ್‌ನ ದ್ವಿತೀಯಾರ್ಧದಲ್ಲಿ ಆ್ಯಂಜ್ ತಮ್ಮ ಬದುಕಿನಲ್ಲಿ ಮಾಡದ ಕೆಲಸ ಮಾಡಿದರು. ತಂಡವನ್ನು ಹಿಂದಕ್ಕೆ ಕರೆಸಿ ಕಾವಲು ನಿಲ್ಲಿಸಿದರು. ಗೋಲಿನೊಳಗೆ ಇಳಿಯುತ್ತಿದ್ದ ಚೆಂಡನ್ನು ಮಿಕಿ ವ್ಯಾನ್ ಡೆ ವೆನ್ ಗಾಳಿಯಲ್ಲಿ ಹಾರಿ ಒದ್ದು ಹೊರಹಾಕಿದಾಗ ನಮ್ಮ ಮೂವರ ಉಸಿರೂ ನಿಂತಿತ್ತು. "ಇದು ಅವರ ಅಪ್ಪನ ಆಟವಲ್ಲ" ಎಂದ ಮಗ. ಹೌದು, ಅಲ್ಲ. ಆ ಕತೆಯನ್ನು ಅವನೂ ಓದಿದ್ದಾನೆಂದು ನಮಗೆ ಗೊತ್ತಾದದ್ದು ಆಗಲೇ. ಪಂದ್ಯ 1-0ಗೆ ಮುಗಿಯಿತು. ಕ್ಲಬ್ಬಿಗೆ ಹದಿನೇಳು ವರ್ಷಗಳಲ್ಲಿ ಮೊದಲ ಪ್ರಶಸ್ತಿ. ಕಪ್ ಎತ್ತಿದ ನಾಯಕ ಯಾರು? ಅದೇ ಸನ್ ಹ್ಯೂಂಗ್ ಮಿನ್. ಹತ್ತು ವರ್ಷಗಳ ಹಿಂದೆ ಸಿಡ್ನಿಯಲ್ಲಿ ಸೋತು ಕಣ್ಣೀರಿಟ್ಟಿದ್ದವನು, ಅಂದು ತನ್ನನ್ನು ಸೋಲಿಸಿದ ಮನುಷ್ಯನ ಜೊತೆಯಲ್ಲೇ ಈಗ ಗೆದ್ದು ಅಳುತ್ತಿದ್ದ.

ಹದಿನಾರು ದಿನಗಳ ಬಳಿಕ, ಜೂನ್ 6ರಂದು, ನೇಮಕವಾಗಿ ಸರಿಯಾಗಿ ಎರಡು ವರ್ಷಕ್ಕೆ, ಟಾಟನ್‌ಹ್ಯಾಮ್ ಅವರನ್ನು ಕೆಲಸದಿಂದ ತೆಗೆಯಿತು.

ಸುದ್ದಿ ತಿಳಿದಾಗ ಮಗ ನಮ್ಮ ಕೋಣೆಯ ಬಾಗಿಲಿಗೆ ಬಂದು ನಿಂತ. "ಗೆದ್ದರೂ ತೆಗೆದರಾ?" ಎಂದು ಕೇಳಿದ. ಲೀಗ್‌ನ 22 ಸೋಲುಗಳ ಲೆಕ್ಕ ಹೇಳಿದೆವು. ಅವನಿಗೆ ಆ ಲೆಕ್ಕ ಗೊತ್ತಿತ್ತು. ಅವನು ಕೇಳಿದ್ದು ಅದಲ್ಲ. ಇಷ್ಟೆಲ್ಲ ದುಡಿದು, ಹೇಳಿದ ಮಾತನ್ನು ಉಳಿಸಿಕೊಂಡ ಮೇಲೂ ಒಬ್ಬ ಮನುಷ್ಯನಿಗೆ ನಿಲ್ಲಲು ಜಾಗ ಸಿಗದಿದ್ದರೆ, ಆ ದುಡಿತಕ್ಕೆ ಅರ್ಥವೇನು ಎಂದು.

ಆ ರಾತ್ರಿ ನಾವಿಬ್ಬರೂ ಬಹಳ ಹೊತ್ತು ಮಾತಾಡಿದೆವು. ಜಿಮ್ ಎಂಬ ಆ ಅಪ್ಪ ಮಗನಿಗೆ ಕೊಟ್ಟದ್ದಾದರೂ ಏನು? ಆಸ್ತಿಯಿಲ್ಲ. ಹೊಗಳಿಕೆಯಿಲ್ಲ. ಮನೆಯಲ್ಲಿ ಹೆಚ್ಚು ಮಾತೂ ಇಲ್ಲ. ಕೊಟ್ಟದ್ದು ಭಾನುವಾರಗಳನ್ನು. ದುಡಿದು ಬಳಲಿದ ಮೈಯನ್ನು ಎಬ್ಬಿಸಿಕೊಂಡು, ಮಗನ ಕೈ ಹಿಡಿದು ಮೈದಾನದಂಚಿಗೆ ಹೋಗಿ ನಿಂತರು. ತಾನು ಪಟ್ಟ ಕಷ್ಟದ ಲೆಕ್ಕವನ್ನು ಅವರು ಮಗನ ಮುಂದಿಟ್ಟರೋ ಇಲ್ಲವೋ ನಾವು ಕಂಡವರಲ್ಲ. ಆದರೆ ಮಗ ಐದು ದೇಶಗಳಿಗೆ ಹೊತ್ತೊಯ್ದದ್ದು ಆ ಲೆಕ್ಕವನ್ನಲ್ಲ, ಅಪ್ಪ ಇಷ್ಟಪಟ್ಟ ಆಟವನ್ನು. ಕೆಲಸದಿಂದ ತೆಗೆಯುವವರು ಅದನ್ನು ತೆಗೆಯಲಾರರು.

ನಾವೋ? ನಮ್ಮ ಅಪ್ಪಂದಿರು ಮರಳುಗಾಡಿನಿಂದ ಪೆಟ್ಟಿಗೆ ತಂದಂತೆ, ನಾವು ಮಗನ ಮುಂದೆ ತ್ಯಾಗದ ಪಟ್ಟಿ ತಂದಿಟ್ಟಿದ್ದೆವು. ಕೊಟ್ಟದ್ದನ್ನು ಎಣಿಸಿ ಹೇಳಿದ ಗಳಿಗೆಯಲ್ಲೇ ಅದು ಸಾಲವಾಗುತ್ತದೆ. ಸಾಲಗಾರನಾಗಿ ಬೆಳೆಯಲು ಯಾವ ಮಗು ತಾನೇ ಕೇಳಿಕೊಂಡೀತು? "ನಾನು ಕೇಳಿದ್ದೆನಾ" ಎಂಬುದು ಧಿಮಾಕಿನ ಮಾತಲ್ಲ, ನ್ಯಾಯದ ಮಾತು ಎಂದು ನಮಗೆ ಅರ್ಥವಾಗಲು ಒಂದು ವರ್ಷ ಹಿಡಿಯಿತು.

ಆ ಜುಲೈನಲ್ಲಿ ನಾವು ಭಾನುವಾರದ ಪಾಳಿಯನ್ನು ಬಿಟ್ಟೆವು. ಕೂಲಿ ಕಡಿಮೆಯಾಯಿತು, ನಿಜ. ಮಗ ಮತ್ತೆ ಆಟಕ್ಕೆ ಹೋಗತೊಡಗಿದ್ದ. ಮೊದಲ ಭಾನುವಾರ ಮಳೆ, ಚಳಿ. ನಾವು ಒಂದೇ ಕೊಡೆಯಡಿ ಮೈದಾನದಂಚಿನಲ್ಲಿ ನಿಂತೆವು. ಪಕ್ಕದಲ್ಲಿ ಸುಡಾನಿನ ಒಬ್ಬ ತಾಯಿ, ವಿಯೆಟ್ನಾಮಿನ ಒಬ್ಬ ಅಪ್ಪ, ಮೊಮ್ಮಗನ ಆಟ ನೋಡಲು ಬಂದಿದ್ದ ಒಬ್ಬ ಗ್ರೀಕ್ ಅಜ್ಜ. ಎಲ್ಲರೂ ತಂತಮ್ಮ ಭಾಷೆಯಲ್ಲಿ ಕೂಗುತ್ತಿದ್ದರು. ನಾವು ಕನ್ನಡದಲ್ಲಿ ಕೂಗಿದೆವು, ಮಗನ ಪೂರ್ತಿ ಹೆಸರು ಹಿಡಿದು. ಅವನು ಒಮ್ಮೆ ತಿರುಗಿ ನೋಡಿದ. ನಾಚಿಕೆಯಾಗಿರಬೇಕು.

ತಂಡ 3-1ರಿಂದ ಸೋತಿತು. ಮನೆಗೆ ಬರುವ ದಾರಿಯಲ್ಲಿ ಹಿಂದಿನ ಸೀಟಿನಿಂದ ಮಗ ಕೇಳಿದ: "ಎರಡನೇ ಗೋಲು ನನ್ನ ತಪ್ಪಾ?"

"ಹೌದು" ಎಂದೆವು ಇಬ್ಬರೂ ಒಟ್ಟಿಗೆ.

ಅವನು ನಕ್ಕ. ಬಹಳ ದಿನಗಳ ಮೇಲೆ ನಾವೂ ನಕ್ಕೆವು.

ಆ್ಯಂಜ್ ಅವರನ್ನು ಸೆಪ್ಟೆಂಬರ್ 9ರಂದು ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕ್ಲಬ್ ಕರೆಯಿತು. ಅದರ ಮಾಲೀಕ ಇವಾಂಗೆಲೊಸ್ ಮರಿನಾಕಿಸ್ ಕೂಡ ಗ್ರೀಕರೇ. ಎಂಟು ಪಂದ್ಯಗಳಲ್ಲಿ ಒಂದೂ ಗೆಲುವಿಲ್ಲ. 39ನೇ ದಿನ, ಅಕ್ಟೋಬರ್ 18ರಂದು, ಚೆಲ್ಸಿ ಎದುರು 0-3ರಿಂದ ಸೋತ ಕೆಲವೇ ನಿಮಿಷಗಳಲ್ಲಿ ಅವರನ್ನು ತೆಗೆದುಹಾಕಿದ ಸುದ್ದಿ ಹೊರಬಿತ್ತು. ಸ್ವಂತ ನಾಡಿನವರೆಂಬುದು ಅಲ್ಲಿಯೂ ನೆರವಿಗೆ ಬರಲಿಲ್ಲ. ಈ ಸಲ ಮಗ ಪ್ರಶ್ನೆ ಕೇಳಲಿಲ್ಲ. ಮೈದಾನದ ಋತು ಮುಗಿದಿತ್ತು, ಅವನು ಹಿತ್ತಲಿನ ಗೋಡೆಗೆ ಚೆಂಡು ಒದೆಯುತ್ತಿದ್ದ. ಸುದ್ದಿ ಹೇಳಿದಾಗ ಒಂದು ಗಳಿಗೆ ಚೆಂಡನ್ನು ಕಾಲಡಿ ಹಿಡಿದು ನಿಂತ.

"ಇನ್ನೆಲ್ಲೋ ಹೋಗಿ ಮತ್ತೆ ಹಾಗೆಯೇ ಆಡಿಸ್ತಾರೆ ಬಿಡಿ" ಎಂದ. ಮತ್ತೆ ಚೆಂಡು ಗೋಡೆಗೆ ಬಡಿಯುವ ಸದ್ದು. ಅಂದು ಶನಿವಾರ ಕಳೆದು ಭಾನುವಾರ ಬೆಳಗಾಗಿತ್ತು. ಮನೆಯಲ್ಲಿ ನಾವು ಮೂವರೂ ಇದ್ದೆವು.